ಹೊಸದುರ್ಗ ರೋಡಿನ ಮೂರು ಹಾರ್ನು

ಆಟೊ ಹತ್ತಿ ರೈಲ್ವೆ ಸ್ಟೇಷನ್ನಿಗೆ ಎಂದಾಗ ಚಾಲಕ ಹಿಂತಿರುಗಿ ನೋಡಿದ. "ಯಾರ್ನ ಕರ್ಕಂಡ್ ಬರಾಕೆ ಸಾರ್?" ಎಂದು ಕೇಳಿದ. ನಾನೇ ಹೋಗುವವನು ಎಂದೆ. "ಹಂಗಾದ್ರೆ ಇವತ್ತು ನಿಮ್ಗೆ ರಜಾ ಐತೆ ಅನ್ರಿ" ಎಂದು ನಕ್ಕ. ಚಿತ್ರದುರ್ಗದವರಿಗೆ ರೈಲೆಂದರೆ ಹಾಗೆಯೇ. ಬಸ್ ಸ್ಟ್ಯಾಂಡಿಗೆ ಹೋಗುವವರು ಕೆಲಸಕ್ಕೆ ಹೋಗುವವರು, ಸ್ಟೇಷನ್ನಿಗೆ ಹೋಗುವವರು ಬೇರೆ ಕೆಲಸವಿಲ್ಲದವರು.

ಸ್ಟೇಷನ್ನಿನ ಮುಂಭಾಗಕ್ಕೆ ಹೊಸ ರೂಪ ಬರುತ್ತಿತ್ತು. ತಗಡಿನ ಶೀಟುಗಳ ಹಿಂದೆ ಕಲ್ಲು ಕೊಯ್ಯುವ ಸದ್ದು. ಕೋಟೆಯನ್ನು ನೆನಪಿಸುವ ಕಮಾನು ಬರುತ್ತದಂತೆ, ಕಾರು ನಿಲ್ಲಿಸಲು ದೊಡ್ಡ ಜಾಗವಾಗುತ್ತದಂತೆ. ಹಳೆಯ ಟಿಕೆಟ್ ಕಿಂಡಿಯ ಮುಂದೆ ನಾವು ಏಳು ಜನ. ಚಿಕ್ಕಜಾಜೂರಿಗೆ ಹತ್ತು ರೂಪಾಯಿ. ಡಿಸೆಂಬರಿನ ಬೆಳಗ್ಗೆ, ಜೋಗಿಮಟ್ಟಿಯ ನೆತ್ತಿಯ ಮೇಲೆ ಇನ್ನೂ ಮಂಜು ಕೂತಿತ್ತು.

ಹೊರಟ ಕಾರಣವನ್ನು ಹೇಳಬೇಕು. ಹಿಂದಿನ ವರ್ಷ ಜಿಲ್ಲೆಯ ಪತ್ರಿಕೆಯೊಂದಕ್ಕೆ ನಮ್ಮ ಕಡೆಯ ಸಣ್ಣ ಸ್ಟೇಷನ್ನುಗಳ ಬಗ್ಗೆ ಒಂದು ಲೇಖನ ಬರೆದಿದ್ದೆ. ಅದರಲ್ಲಿ ನನ್ನ ಬಾಲ್ಯದ ಒಂದು ನೆನಪಿತ್ತು. ನನಗಾಗ ಆರು ವರ್ಷ. ಅಮ್ಮ, ಅಕ್ಕ ಮತ್ತು ನಾನು ಹೊಸದುರ್ಗದಿಂದ ಬಸ್ಸಿನಲ್ಲಿ ಹೊಸದುರ್ಗ ರೋಡ್ ಸ್ಟೇಷನ್ನಿಗೆ ಹೋಗುತ್ತಿದ್ದೆವು. ಬಸ್ಸು ತಡವಾಗಿತ್ತು. ಡ್ರೈವರ್ ಮೂರು ಸಲ ಉದ್ದಕ್ಕೆ ಹಾರ್ನ್ ಹಾಕಿದ, ರೈಲು ನಮಗಾಗಿ ಕಾಯಿತು, ಅಮ್ಮ ನನ್ನ ಕೈ ಹಿಡಿದು ಓಡಿದಳು, ನನ್ನ ಹೊಸ ಚಪ್ಪಲಿಯೊಂದು ಪ್ಲಾಟ್‌ಫಾರ್ಮಿನ ಮೇಲೆ ಉಳಿಯಿತು. ಹೀಗೆ ಬರೆದಿದ್ದೆ.

ವಾರದೊಳಗೆ ಚಿಕ್ಕಜಾಜೂರಿನಿಂದ ಒಂದು ಕಾರ್ಡು ಬಂತು. ಬರೆದವರು ನಂಜುಂಡಪ್ಪ, ನಿವೃತ್ತ ಸ್ಟೇಷನ್ ಮಾಸ್ತರ್. "ಹೊಸದುರ್ಗ ರೋಡಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಬಸ್ಸಿಗಾಗಿ ರೈಲು ನಿಲ್ಲಿಸಿದ ಮಾಸ್ತರ್ ಯಾರೂ ಇಲ್ಲ. ನಿಲ್ಲಿಸಿದ್ದರೆ ಅವನು ಮಾಸ್ತರ್ ಆಗಿ ಉಳಿಯುತ್ತಿರಲಿಲ್ಲ. ಓದಿದವರು ವಿಚಾರಿಸಿ ಬರೆಯಬೇಕು."

ಯೂನಿವರ್ಸಿಟಿಯಲ್ಲಿ ಆರು ವರ್ಷ ಓದಿ, ಆಮೇಲೆ ಇಪ್ಪತ್ತು ವರ್ಷ ಹುಡುಗರಿಗೆ "ಆಧಾರ ಎಲ್ಲಿ?" ಎಂದು ಕೇಳಿದವನು ನಾನು. ಅಮ್ಮ ಈಗಿಲ್ಲ. ಹೊಸದುರ್ಗದಲ್ಲೇ ಇರುವ ಅಕ್ಕನನ್ನು ಫೋನಿನಲ್ಲಿ ಕೇಳಬಹುದಿತ್ತು. ಕೇಳಲಿಲ್ಲ. ಅಮ್ಮನ ಓಟ, ಅವಳ ಕೈಯ ಬಿಗಿ, ನನಗೆ ಸ್ಪಷ್ಟವಾಗಿ ಉಳಿದಿರುವುದು ಆ ಒಂದು ದಿನದಿಂದ. ಹಂಗೇನೂ ಆಗಲಿಲ್ಲ ಎಂದು ಅಕ್ಕ ಅಂದುಬಿಟ್ಟರೆ ಅದೂ ಹೋಗುತ್ತದೆ. ಒಂದು ವರ್ಷ ಹೀಗೆ ತಳ್ಳಿ, ಕೊನೆಗೆ ನಾನೇ ಹೋಗಿ ನೋಡುವುದೆಂದು ಎರಡು ದಿನದ ಬಟ್ಟೆ ಚೀಲಕ್ಕೆ ತುಂಬಿದೆ.

ಗಾಡಿ ನಿಧಾನವಾಗಿ ಮೆಕ್ಕೆಜೋಳದ ಹೊಲಗಳ ನಡುವೆ ಸಾಗಿತು. ತೆನೆ ಮುರಿದು ದಂಟು ಮಾತ್ರ ಉಳಿದಿತ್ತು. ಚಿಕ್ಕಜಾಜೂರು ಊರಿಗಿಂತ ಸ್ಟೇಷನ್ನೇ ದೊಡ್ಡದಾಗಿ ಕಾಣುವ ಜಂಕ್ಷನ್. ಬರುತ್ತೇನೆಂದು ಮೊದಲೇ ಕಾರ್ಡು ಹಾಕಿದ್ದೆ. ನಂಜುಂಡಪ್ಪನವರು ಮೊದಲನೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದರು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ದಿನಾ ಬೆಳಗ್ಗೆ ಬಂದು ಕೂರುತ್ತಾರೆ. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ.

"ಬರ್ರಿ, ಕುಂತ್ಕಳ್ರಿ. ನಿಮ್ಮ ಗಾಡಿ ನಾಲ್ಕು ನಿಮಿಷ ಲೇಟು" ಎಂದರು. ಅದೇ ನಮಸ್ಕಾರ.

ಮಂಡಕ್ಕಿ ಮೆಣಸಿನಕಾಯಿ ತರಿಸಿದರು. ತಿನ್ನುತ್ತಾ ನನ್ನ ನೆನಪನ್ನು ಒಂದೊಂದೇ ಕಳಚಿಟ್ಟರು. "ಹಾರ್ನು ಹಾಕಿದ್ದು ನಿಜ ಇರಬಹುದು. ಆಗ ಅಲ್ಲಿ ಗೇಟ್ ಇತ್ತು. ರೈಲು ಬರೋ ಹೊತ್ತಿಗೆ ಗೇಟ್ ಹಾಕ್ತಿದ್ರು, ಬಸ್ಸು ಆಚೆ ಸಿಕ್ಕಾಕ್ಕಂತಿತ್ತು. ಗೇಟ್ ತಗಿ ಅಂತ ಡ್ರೈವರ್ ಬಡ್ಕಳಾನು. ನೀವು ಅದನ್ನ ಕತೆ ಮಾಡಿದ್ರಿ."

"ಹಾಗಾದರೆ ಕಾದದ್ದು?"

"ಕಾದಿದ್ದು ಬಸ್ಸು. ಅದೂ ಗೇಟ್ ಬಿದ್ದಿದ್ದಕ್ಕೆ. ಪ್ರೀತಿಗಲ್ಲ." ಅವರು ಬೆರಳಿನ ಖಾರವನ್ನು ಕರ್ಚೀಫಿಗೆ ಒರೆಸಿಕೊಂಡರು. "ಈಗ ಗೇಟೂ ಇಲ್ಲ, ಅಂಡರ್‌ಪಾಸ್ ಮಾಡ್ಯಾರೆ. ಹೋಗಿ ನೋಡ್ರಿ. ಯಾವ ಬಸ್ಸೂ ಯಾರಿಗೂ ಕಾಯಲ್ಲ."

ವಾದ ಗಟ್ಟಿಯಾಗಿತ್ತು. ನನ್ನ ವಿದ್ಯಾರ್ಥಿ ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ದಾವಣಗೆರೆ ಕಡೆಯಿಂದ ಬಂದ ಪ್ಯಾಸೆಂಜರ್ ಹತ್ತುವಾಗ ಮಾತ್ರ ಬಾಯಿ ಒಣಗಿತ್ತು. ಮೆಣಸಿನಕಾಯಿಯ ತಪ್ಪೂ ಇರಬಹುದು.

ಎದುರು ಸೀಟಿನಲ್ಲಿ ಐವತ್ತರ ಆಸುಪಾಸಿನ ಹೆಂಗಸು ಕೂತಿದ್ದರು. ಹೆಗಲ ಮೇಲೆ ಕರಿ ಕಂಬಳಿ, ತೊಡೆಯ ಮೇಲೆ ಒದ್ದೆ ಟವೆಲ್ ಸುತ್ತಿದ ದೊಡ್ಡ ಫ್ಲಾಸ್ಕು. ಮಗು ಮಲಗಿದೆಯೇನೋ ಎನ್ನುವ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು. ಹೆಸರು ಕರಿಯಮ್ಮ. ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿ ಅವರ ಹಟ್ಟಿ, ನೂರಿಪ್ಪತ್ತು ಕುರಿ. ಪಕ್ಕದ ಹಟ್ಟಿಯಲ್ಲಿ ಬೇನೆ ಬಂದು ಕುರಿಗಳು ಬೀಳುತ್ತಿದ್ದವು. ಸುತ್ತಮುತ್ತ ಲಸಿಕೆ ಮುಗಿದಿದ್ದರಿಂದ ಬೆಳಗ್ಗೆಯೇ ದಾವಣಗೆರೆಗೆ ಹೋಗಿ ತಂದಿದ್ದರು. ಫ್ಲಾಸ್ಕಿನಲ್ಲಿ ಐಸು, ಐಸಿನ ನಡುವೆ ಲಸಿಕೆ. ಐಸು ಕರಗಿದರೆ ಲಸಿಕೆ ಕೆಡುತ್ತದೆ. ದನದ ಡಾಕ್ಟರು ಎರಡೂವರೆಗೆ ಹಟ್ಟಿಯ ಹತ್ತಿರ ಬರುವುದಾಗಿ ಹೇಳಿದ್ದರು.

"ನೇರ ಬಸ್ಸಿಗೆ ಬರಬಹುದಿತ್ತಲ್ಲ?" ಎಂದೆ.

"ಬಸ್ಸಿನಾಗೆ ಇಂಜಿನ್ ಬಿಸಿ, ಕುಲುಕಾಟ. ರೈಲಿನಾಗೆ ತಣ್ಣಗೆ ಬರ್ತೈತೆ" ಎಂದರು. ರೈಲಿನ ಪರವಾಗಿ ಇಷ್ಟು ಒಳ್ಳೆಯ ಮಾತನ್ನು ನಾನು ಯಾವ ವರದಿಯಲ್ಲೂ ಓದಿಲ್ಲ.

ಹೊಳಲ್ಕೆರೆಯಲ್ಲಿ ಒಂದಷ್ಟು ಜನ ಇಳಿದರು. ರಾಮಗಿರಿಯಲ್ಲಿ ಗಾಡಿ ನಿಂತಿತು. ಐದು ನಿಮಿಷ, ಹತ್ತು, ಇಪ್ಪತ್ತು. ಯಾವುದೋ ವೇಗದ ಗಾಡಿಗೆ ದಾರಿ ಬಿಡಬೇಕಂತೆ. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಹೊಸದುರ್ಗ ರೋಡಿನಿಂದ ಊರಿಗೆ ಹೋಗುವ ಬಸ್ಸಿನ ಸಮಯ ಒಂದು ಹತ್ತು. ಅದು ತಪ್ಪಿದರೆ ಮುಂದಿನದು ಮೂರಕ್ಕೆ. ಗಡಿಯಾರದಲ್ಲಿ ಆಗಲೇ ಒಂದು ಗಂಟೆ.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ಹೊಸದುರ್ಗ ರೋಡಿನಲ್ಲಿ ಹೊಸದುರ್ಗ ಇಲ್ಲ. ಊರು ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್. ಹಿಂದೆ ಮದುವೆ ದಿಬ್ಬಣವೊಂದು ಇಳಿದು, ಛತ್ರ ಎಲ್ಲಿ ಎಂದು ಪೋರ್ಟರನ್ನು ಕೇಳಿತ್ತಂತೆ. "ಇನ್ನೊಂದು ತಾಸು ನಡೀರಿ, ಬಸ್ಸಿನಾಗೆ" ಎಂದನಂತೆ ಅವನು. ಸ್ಟೇಷನ್ನು ಊರಿಗೆ ಸೇರಬೇಕಾದರೆ ನಡುವೆ ಆ ಬಸ್ಸು ಬೇಕೇ ಬೇಕು.

ನಾನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ.

"ಯಪ್ಪಾ, ನೀವು ನೋಡಿದ್ರೆ ಐಸ್ ಕರಗಾದು ನಿಲ್ತೈತಾ?" ಎಂದರು ಕರಿಯಮ್ಮ. "ಬಸ್ಸು ಕಾಯ್ತೈತೆ, ಸುಮ್ನಿರ್ರಿ."

"ಫೋನ್ ಮಾಡಿದ್ದೀರಾ?"

"ಯಾಕ್ ಮಾಡ್ಲಿ? ರೈಲು ಬಂದ್ರೆ ಅವ್ನಿಗೆ ಕಾಣಲ್ವಾ, ಏನು ಸೂಜಿನಾ ಅದು?"

ಈಗ ಗೇಟಿಲ್ಲ, ಬಸ್ಸನ್ನು ತಡೆಯುವುದು ಏನೂ ಇಲ್ಲ, ಹಿಂದೆ ಕಾಯುತ್ತಿದ್ದುದೂ ಗೇಟಿನಿಂದಲೇ ಎಂದು ನಾನು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟರು. "ಇದ್ನ ಹಿಡ್ಕಳ್ರಿ, ನಲ್ಲಿಯಾಗೆ ಟವೆಲ್ ನೆನೆಸ್ಕಂಡ್ ಬರ್ತೀನಿ. ಅಲ್ಲಾಡ್ಸಬ್ಯಾಡ್ರಿ."

ಆ ಎರಡು ನಿಮಿಷದಲ್ಲಿ ನನ್ನ ಸಂಶಯ ಪೂರ್ತಿ ಅಂಗೈಗೆ ಇಳಿಯಿತು. ಒಳಗೆ ಐಸು ಸಣ್ಣಗೆ ಸದ್ದು ಮಾಡುತ್ತಿತ್ತು. ನೂರಿಪ್ಪತ್ತು ಕುರಿ ನನ್ನ ತೊಡೆಯ ಮೇಲೆ ಇದ್ದ ಹಾಗೆ ಅನಿಸಿತು. ನಂಜುಂಡಪ್ಪನವರ ವಾದ ಸುಳ್ಳಾಗಲಿ ಎಂದು ಮೊದಲ ಸಲ ಮನಸ್ಸಿನಲ್ಲಿ ಬೇಡಿಕೊಂಡೆ. ಅದು ನನ್ನ ನೆನಪಿಗಾಗಿ ಅಲ್ಲ.

ಹೊಸದುರ್ಗ ರೋಡ್ ತಲುಪಿದಾಗ ಒಂದು ಐವತ್ತು. ಇಳಿದವರು ನಾವು ಆರೇ ಜನ. ಇಳಿಯುವಾಗ ಫ್ಲಾಸ್ಕು ಮತ್ತೆ ನನ್ನ ಕೈಗೆ ಬಂದಿತ್ತು. ಬಿಸಿಲಿಗೆ ಪ್ಲಾಟ್‌ಫಾರ್ಮು ಬಿಳಿಯಾಗಿ ಹೊಳೆಯುತ್ತಿತ್ತು. ಹೊರಗೆ ಹುಣಸೆ ಮರ ಕಂಡಿತು, ಅದರ ಕೆಳಗೆ ಎರಡು ಬೈಕುಗಳು. ಬಸ್ಸಿಲ್ಲ.

ಕರಿಯಮ್ಮನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಆಗ ಕೇಳಿಸಿತು. ಉದ್ದಕ್ಕೆ ಒಂದು ಹಾರ್ನು. ತಡೆದು ಇನ್ನೊಂದು. ಮತ್ತೊಂದು. ಸ್ಟೇಷನ್ನಿನ ಗೋಡೆಯ ಆಚೆ, ನೆರಳಿದ್ದ ಕಡೆ ಬಸ್ಸು ನಿಂತಿತ್ತು.

"ಓಡ್ರಿ!" ಎಂದರು ಕರಿಯಮ್ಮ. ನನ್ನ ಕೈಯಿಂದ ಫ್ಲಾಸ್ಕು ಕಿತ್ತುಕೊಂಡು, ಇನ್ನೊಂದು ಕೈಯಲ್ಲಿ ನನ್ನ ಮುಂಗೈ ಹಿಡಿದು ಎಳೆದೇಬಿಟ್ಟರು. ಐವತ್ತು ದಾಟಿದ ನಾನು, ಚೀಲ ಬೆನ್ನಿಗೆ ಬಡಿಯುತ್ತಾ, ಆ ಪ್ಲಾಟ್‌ಫಾರ್ಮಿನ ಮೇಲೆ ಇನ್ನೊಮ್ಮೆ ಓಡಿದೆ.

ಬಸ್ಸಿನೊಳಗೆ ನಲವತ್ತು ನಿಮಿಷದಿಂದ ಕೂತಿದ್ದ ಅಜ್ಜನೊಬ್ಬ ನಮ್ಮನ್ನು ನೋಡಿ, "ಬಂದ್ರಪ್ಪಾ ದೊರೆಗಳು! ಓಲಗ ಊದಿಸ್ಬೇಕಿತ್ತು" ಎಂದ. "ಊದಿದ್ನಲ್ಲಜ್ಜ, ಮೂರು ಸಲ" ಎಂದ ಡ್ರೈವರ್. ಎಲ್ಲರೂ ನಕ್ಕರು.

ಬಸ್ಸು ಹೊರಟ ಮೇಲೆ ನಾನು ಮುಂದಿನ ಸೀಟಿಗೆ ಹೋಗಿ ಡ್ರೈವರನ್ನು ಕೇಳಿದೆ. ಆರು ಜನರ ಚಾರ್ಜಿಗಾಗಿ ಇಷ್ಟು ಹೊತ್ತು ಕಾಯುವುದು ಗಿಟ್ಟುತ್ತದೆಯೇ?

"ಗಿಟ್ಟಲ್ಲ ಸಾರ್."

"ಮತ್ತೆ?"

ಅವನು ಅಂಡರ್‌ಪಾಸಿನ ಇಳಿಜಾರಿನಲ್ಲಿ ಗೇರ್ ಬದಲಿಸಿದ. "ಇದಕ್ಕೆ ರೈಲಿನ ಬಸ್ಸು ಅಂತ ಹೆಸರೈತೆ. ನಮ್ಮಪ್ಪನೂ ಇದೇ ರೂಟಿನಾಗೆ ಓಡ್ಸಾನು. ರೈಲು ಬಿಟ್ಟು ಹೋದ್ರೆ ಇದು ಬರೀ ಬಸ್ಸಲ್ವಾ?"

"ಗೇಟ್ ಇದ್ದಾಗ ಬೇರೆ ದಾರಿ ಇರಲಿಲ್ಲ, ಕಾಯುತ್ತಿದ್ದರು ಅಂತಾರೆ."

"ಯಾರು ಅಂದದ್ದು? ಗೇಟ್ ಆಚೆ ಕಡೆ ಇತ್ತು, ಊರಿನ ದಾರಿ ಈಚೆ ಕಡೆಯಿಂದ್ಲೇ ಹೋಗ್ತಿತ್ತು. ಈ ಅಂಡರ್‌ಪಾಸ್ ರಸ್ತೆ ಮೊನ್ನೆ ಆಗಿದ್ದು. ಗೇಟಿಗೂ ಈ ಬಸ್ಸಿಗೂ ಸಂಬಂಧಾನೇ ಇರ್ಲಿಲ್ಲ. ಹಂಗಂದೋರು ಸ್ಟೇಷನ್ ಆಫೀಸಿನ ಒಳಗಿಂದ ನೋಡಿರ್ಬೇಕು."

ಹಟ್ಟಿಯ ತಿರುವಿನಲ್ಲಿ ಡಾಕ್ಟರು ಬೈಕಿನ ಮೇಲೆ ಕಾಯುತ್ತಿದ್ದರು. ಕರಿಯಮ್ಮ ಇಳಿಯುವ ಮುನ್ನವೇ ಕಿಟಕಿಯಿಂದ ಫ್ಲಾಸ್ಕು ಕೊಟ್ಟರು. ಡಾಕ್ಟರು ಮುಚ್ಚಳ ತೆಗೆದು ಎರಡು ಬೆರಳು ಇಳಿಸಿದರು. ಬಸ್ಸಿನೊಳಗಿದ್ದ ನಾವೆಲ್ಲ ಒಂದೇ ಕಡೆಗೆ ಬಗ್ಗಿದೆವು. ಡ್ರೈವರ್ ಕ್ಲಚ್ ಒತ್ತಿಕೊಂಡೇ ಇದ್ದ.

"ಐಸ್ ಇನ್ನೂ ಉಳಿದೈತೆ. ನಡೀರಿ, ಕುರಿ ದೊಡ್ಡಿಗೆ ಕೂಡ್ರಿ" ಎಂದರು ಡಾಕ್ಟರು.

ಕರಿಯಮ್ಮ ನನ್ನ ಕಡೆ ತಿರುಗಿ, "ನೋಡಿದ್ರಾ ಮೇಷ್ಟ್ರೇ" ಎಂದರು. ಇಷ್ಟೇ. ಕಂಬಳಿ ಸರಿಮಾಡಿಕೊಂಡು ಕಾಲುದಾರಿ ಹಿಡಿದರು.

ಅಕ್ಕನ ಮನೆ ಹೊಸದುರ್ಗದ ಬಸ್ ಸ್ಟ್ಯಾಂಡಿಗೆ ಹತ್ತಿರ. ಸಂಜೆ ರಾಗಿ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು. ಎರಡನೇ ರೊಟ್ಟಿಗೆ ಧೈರ್ಯ ಬಂದು ಕೇಳಿದೆ. ಅಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಏ ತಮ್ಮ, ನಾವು ಹೋಗ್ತಿರಲಿಲ್ಲ ಕಣೋ, ಬರ್ತಿದ್ವಿ. ಬೀರೂರಿನ ಚಿಕ್ಕಮ್ಮನ ಮನೆಯಿಂದ. ರೈಲು ಎರಡು ತಾಸು ತಡ ಆಗಿತ್ತು. ನೀನು ಅಳ್ತಿದ್ದೆ. ಇಳಿಯೋವಾಗ ಚಪ್ಪಲಿ ಬಿತ್ತು. ಬಸ್ಸು ಹಾರ್ನ್ ಹಾಕ್ತು, ಅಮ್ಮ ಓಡ್ಸಿದ್ಲು. ಅಷ್ಟು ಹೊತ್ತು ಕಾದಾರೆ, ಇನ್ನು ನಿನ್ನ ಚಪ್ಪಲಿಗೂ ಕಾಯ್ಸಬೇಕಾ ಅಂತ ಬೈದ್ಲು."

ಅದು ಅಮ್ಮನ ಮಾತೇ. ಕೇಳಿದ ಕೂಡಲೇ ಗುರುತು ಸಿಕ್ಕಿತು. ನನ್ನ ನೆನಪಿನಲ್ಲಿ ಓಟವಿತ್ತು, ಧ್ವನಿ ಇರಲಿಲ್ಲ. ದಿಕ್ಕು ತಪ್ಪಾಗಿತ್ತು ಎಂದು ಒಪ್ಪಿಕೊಂಡದ್ದಕ್ಕೆ ಧ್ವನಿಯೂ ಬಂತು. ಮೂರನೇ ರೊಟ್ಟಿ ಹಾಕಿಸಿಕೊಂಡೆ.

ಮರುದಿನ ಬೆಳಗ್ಗೆ ಹಿರಿಯೂರಿನ ಬಸ್ಸು ಹಿಡಿದೆ. ಹಿರಿಯೂರಿಗೆ ರೈಲು ಇನ್ನೂ ಬಂದಿಲ್ಲ, ಬರುತ್ತಿದೆ. ಹೊಸ ಮಾರ್ಗಕ್ಕೆ ಹಾಕಿದ ಮಣ್ಣಿನ ಏರಿಯನ್ನು ನೋಡಬೇಕೆಂದು ಇಳಿದೆ. ಕೆಂಪು ಮಣ್ಣು ಹೊಲಗಳ ನಡುವೆ ನೇರವಾಗಿ ಹೋಗಿತ್ತು, ಅದರ ಮೇಲೆ ನಾಲ್ಕು ಮೇಕೆಗಳು ಮೇಯುತ್ತಿದ್ದವು. ಹತ್ತಿರದ ಟೀ ಅಂಗಡಿಯವರು ಸ್ಟೇಷನ್ ಬರುವ ದಿಕ್ಕಿಗೆ ಸೌಟಿನಿಂದ ತೋರಿಸಿದರು.

"ಊರಿಂದ ಸ್ವಲ್ಪ ದೂರ ಆತು. ನಮ್ಮಪ್ಪನ ಕಾಲದಿಂದ ಬರ್ತೈತೆ ಬರ್ತೈತೆ ಅಂತಿದ್ರು. ಈಗ ಬಂದೇ ಬಿಡ್ತೈತೆ ಅಂತ ಅಂಗಡಿಗೆ ಹೊಸ ಬೆಂಚ್ ಮಾಡ್ಸೀನಿ."

"ಊರಿನಿಂದ ಬಸ್ಸು ಬಿಡಬೇಕಾಗುತ್ತದೆ" ಎಂದೆ.

"ಬಿಡ್ತಾರೆ ಬಿಡ್ರಿ."

"ರೈಲು ಬರುವ ತನಕ ಕಾಯುವ ಬಸ್ಸು ಬಿಡಬೇಕು."

ಅವರು ನನ್ನನ್ನು ಒಮ್ಮೆ ನೋಡಿ, "ಅಲ್ರೀ, ಮತ್ತೆ ರೈಲಿಗೆ ಬಿಟ್ಟ ಬಸ್ಸು ಕಾಯದಂಗೆ ಹೋಗ್ತೈತಾ?" ಎಂದರು. ಅಷ್ಟು ಸಹಜವಾಗಿ ಹೇಳಿದ್ದರಿಂದ ನಾನು ಹೊಸ ಬೆಂಚಿನ ಮೇಲೆ ಕೂತು ಟೀ ಕುಡಿದೆ. ಬೆಂಚು ಗಟ್ಟಿಯಾಗಿತ್ತು.

ಮಧ್ಯಾಹ್ನ ಹೆದ್ದಾರಿಯ ಬಸ್ಸು ಒಂದು ತಾಸಿನಲ್ಲಿ ಚಿತ್ರದುರ್ಗಕ್ಕೆ ತಂದು ಬಿಟ್ಟಿತು. ಮನೆಗೆ ಬಂದು ನಂಜುಂಡಪ್ಪನವರಿಗೆ ಕಾರ್ಡು ಬರೆದೆ. "ನೀವು ಹೇಳಿದ್ದು ಸರಿ, ರೈಲು ಕಾದಿರಲಿಲ್ಲ. ಬಸ್ಸು ಕಾದಿತ್ತು, ಅದು ಗೇಟಿನಿಂದಲ್ಲ. ನಿನ್ನೆಯೂ ಕಾಯಿತು. ನಾವು ಆ ದಿನ ಹೋಗುತ್ತಿರಲಿಲ್ಲ, ಬರುತ್ತಿದ್ದೆವು. ಚಪ್ಪಲಿ ಬಿದ್ದದ್ದು ಇಳಿಯುವಾಗ."

ಎಂಟು ದಿನಕ್ಕೆ ಉತ್ತರ ಬಂತು. ಮೊದಲ ಕಾರ್ಡಿನ ಅದೇ ದುಂಡು ಅಕ್ಷರ.

"ಬಸ್ಸು ಕಾದದ್ದನ್ನು ವಿಚಾರಿಸಿದೆ, ಒಪ್ಪಿದೆ. ಒಂಬತ್ತು ವರ್ಷ ನಾನು ರೈಲು ಹೊರಟ ದಿಕ್ಕನ್ನೇ ನೋಡುತ್ತಾ ನಿಂತಿದ್ದೆ, ಬೆನ್ನ ಹಿಂದೆ ಏನಾಗುತ್ತಿತ್ತೋ ತಿಳಿಯದು. ಚಪ್ಪಲಿ ನನ್ನ ಕಾಲದಲ್ಲಿ ಯಾರೂ ತಂದು ಒಪ್ಪಿಸಿಲ್ಲ. ಯಾವ ಕಾಲಿನದು?"