ಸಿಗ್ನಲ್ ಇಲ್ಲದ ಸರ್ಕಲ್ಲು

ಬೀಗ ರಿಪೇರಿಯವನ ಮಗಳು ಟ್ರಾಫಿಕ್ ಪೊಲೀಸ್ ಆದದ್ದು ಆ ಬೀದಿಯ ಜನಕ್ಕೆ ಬಹಳ ಕಾಲ ನಗೆಯ ಮಾತಾಗಿತ್ತು. ಅದಕ್ಕೆ ಕಾರಣವೂ ಇತ್ತು. ಅವಳ ಅಪ್ಪನನ್ನು ಬೀದಿಯವರು ಬೀಗಣ್ಣ ಎನ್ನುತ್ತಿದ್ದರು. ಅವನು ಬೀಗ ರಿಪೇರಿ ಮಾಡುವುದರ ಜೊತೆಗೆ, ಅಂಗಡಿಗೆ ಬಂದವರಿಗೆಲ್ಲ ಸರ್ಕಾರ ಎನ್ನುವುದು ಆದಷ್ಟು ಚಿಕ್ಕದಿರಬೇಕು, ಇರದೇ ಹೋದರೆ ಇನ್ನೂ ಒಳ್ಳೆಯದು ಎಂದು ಹೇಳಿ ಕಳಿಸುತ್ತಿದ್ದ. ಕಳೆದುಹೋದ ಬೀಗದಕೈ ಬದಲಿಗೆ ಇನ್ನೊಂದು ಮಾಡಿಸಿಕೊಳ್ಳಲು ಬಂದವರು ಕೈಯಲ್ಲಿ ಹೊಸ ಕೀಲಿಯನ್ನೂ ತಲೆಯಲ್ಲಿ ಒಂದಿಷ್ಟು ಗೊಂದಲವನ್ನೂ ಹೊತ್ತು ಹೋಗುತ್ತಿದ್ದರು.

ಅಂಗಡಿ ಎಂದರೆ ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಕೀಲಿ. ಅರ ಉಜ್ಜಿ ಉಜ್ಜಿ ಹಿತ್ತಾಳೆಯ ಪುಡಿ ಅವನ ಹುಬ್ಬಿನ ಮೇಲೂ ಕೂತಿರುತ್ತಿತ್ತು. ಭಾನುವಾರ ಬೆಳಗ್ಗೆ ಅಲ್ಲಿಗೆ ಪಕ್ಕದ ಬೀದಿಯ ಮೇಷ್ಟ್ರು ಬರುತ್ತಿದ್ದರು. ಶಾಲೆಯಲ್ಲಿ ಪೌರನೀತಿ ಕಲಿಸಿ ನಿವೃತ್ತರಾದವರು. ಅವರು ಬಂದರೆಂದರೆ ವಾದ ಶುರು. ಮಗಳು ಚಿಕ್ಕವಳಿದ್ದಾಗಿನಿಂದ ಅದನ್ನು ಕೇಳುತ್ತಲೇ ಬೆಳೆದವಳು.

"ಬೀಗ ನೋಡಿ ಮೇಷ್ಟ್ರೇ," ಎನ್ನುತ್ತಿದ್ದ ಅಪ್ಪ. "ಅದು ಯಾರಿಗೂ ಇದನ್ನ ಮಾಡು, ಅದನ್ನ ಮಾಡು ಅನ್ನಲ್ಲ. ಒಳಗೆ ಬರಬೇಡ ಅನ್ನುತ್ತೆ, ಅಷ್ಟೇ. ಕಾನೂನು ಅಂದ್ರೆ ಅಷ್ಟಿದ್ರೆ ಸಾಕು. ನಿನ್ನ ಬದುಕು ನಿಂದು, ನನ್ನದು ನಂದು."

"ಬೀಗ ಹಾಕೋಕೆ ಬಾಗಿಲೇ ಇಲ್ಲದವನು ಏನು ಮಾಡಬೇಕು ಬೀಗಣ್ಣ?"

"ಅವನಿಗೆ ಬಾಗಿಲು ಮಾಡಿಕೊಡೋಣ. ನೀವೂ ಬನ್ನಿ, ನಾನೂ ಬರ್ತೀನಿ. ಆದ್ರೆ ಇಷ್ಟ ಇಲ್ಲದವನ ಕುತ್ತಿಗೆ ಹಿಡಿದು ಕರ್ಕೊಂಡು ಬರೋದು ಬೇಡ."

ಈ ಯೋಚನೆ ಅವನಿಗೆ ಪುಸ್ತಕದಿಂದ ಬಂದದ್ದಲ್ಲ. ಪುಸ್ತಕ ಓದಿದ್ದು ಆಮೇಲೆ. ಅವನು ಹೊಸದಾಗಿ ಅಂಗಡಿ ಇಟ್ಟಿದ್ದಾಗ ಅಧಿಕಾರಿಗಳು ಕಾಗದ ಹಿಡಿದು ಬಂದು, ರಸ್ತೆ ಅಗಲ ಮಾಡಲು ಒಂದು ಮನೆ ಕೆಡವಬೇಕು, ಗಂಡ ಸತ್ತ ಒಬ್ಬ ಹೆಂಗಸು ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿದ್ದಾಳೆ, ಬಾಗಿಲು ಬಿಚ್ಚು ಎಂದಿದ್ದರು. ಅವನು ಬಾಗಿಲ ತನಕ ಹೋದ. ಒಳಗಿನಿಂದ ಆಕೆ ಉಸಿರಾಡುವುದು ಕೇಳಿಸಿತಂತೆ. ಉಪಕರಣದ ಪೆಟ್ಟಿಗೆಯನ್ನು ಅಲ್ಲೇ ನೆಲಕ್ಕಿಟ್ಟು, "ಆಕೆ ತೆಗೀರಿ ಅಂದ್ರೆ ತೆಗೀತೀನಿ" ಎಂದ. ಪೆಟ್ಟಿಗೆಯನ್ನು ಅವರು ಹೊತ್ತೊಯ್ದರು. ಅದು ವಾಪಸ್ಸು ಬರುವ ಹೊತ್ತಿಗೆ ಅಂಗಡಿ ಮುಚ್ಚಿ ಬೇರೆಯವರ ಕೈಕೆಳಗೆ ದುಡಿಯುವಂತಾಗಿತ್ತು. ಮೆಟ್ಟಿಲ ಕೆಳಗಿನ ಈ ಸಂದಿ ಸಿಕ್ಕಿದ್ದು ಎಷ್ಟೋ ಕಾಲದ ಮೇಲೆ. ಆ ಕತೆ ಹೇಳುವಾಗ ಅವನ ದನಿ ಏರುತ್ತಿರಲಿಲ್ಲ.

ಇಂಥವನ ಮನೆಯಲ್ಲಿ ಮಗಳು ಪೊಲೀಸ್ ಕೆಲಸ ಸಿಕ್ಕಿತು ಎಂದು ಹೇಳಿದ್ದು ರಾತ್ರಿ ಊಟದ ಹೊತ್ತಿನಲ್ಲಿ. ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ನಿನ್ನ ಇಷ್ಟ ಪುಟ್ಟಿ. ತಡೆದ್ರೆ ನಾನೇ ಸರ್ಕಾರ ಆಗಿಬಿಡ್ತೀನಿ" ಎಂದ.

"ಈ ಮನೇಲಿ ಸರ್ಕಾರ ನಾನು," ಎಂದಳು ಅಮ್ಮ, ಅವನ ತಟ್ಟೆಗೆ ಇನ್ನಷ್ಟು ಅನ್ನ ಹಾಕುತ್ತ. "ಎದ್ದೇಳೋ ಹಾಗಿಲ್ಲ, ಊಟ ಮುಗಿಸಿ."

ಮಗಳಿಗೆ ಸಿಕ್ಕಿದ್ದು ನಾಲ್ಕು ರಸ್ತೆ ಕೂಡುವ ದೊಡ್ಡ ಸರ್ಕಲ್ಲು. ಒಂದು ರಸ್ತೆ ಬಸ್ ನಿಲ್ದಾಣಕ್ಕೆ, ಒಂದು ಆಸ್ಪತ್ರೆಗೆ, ಒಂದು ಮಾರುಕಟ್ಟೆಗೆ, ಇನ್ನೊಂದು ಹೊಳೆಯ ಸೇತುವೆ ಕಡೆಗೆ. ನಡುವೆ ಗುಂಡನೆಯ ಕಟ್ಟೆ. ಸಿಗ್ನಲ್ ದೀಪಗಳು ಅವುಗಳ ಪಾಡಿಗೆ ಬದಲಾಗುತ್ತಿದ್ದರೂ, ಅವಳು ಅಲ್ಲಿಲ್ಲದಿದ್ದರೆ ಲೋಕವೇ ಒಂದರ ಮೇಲೊಂದು ಬೀಳುತ್ತದೆ ಎಂದು ಅವಳ ಮೇಲಿನವರು ಹೇಳಿದ್ದರು. ಅವಳೂ ನಂಬಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ವಿದ್ಯುತ್ ಕೇಂದ್ರದಲ್ಲಿ ಬೆಂಕಿ ಹೊತ್ತಿ, ಊರಿನ ಅರ್ಧಭಾಗಕ್ಕೆ ಕರೆಂಟೇ ಹೋಯಿತು. ಸರಿಹೋಗಲು ವಾರಗಳೇ ಬೇಕು ಎಂದರು. ಸಿಗ್ನಲ್ ಕಂಬಗಳು ಕಣ್ಣು ಮುಚ್ಚಿ ನಿಂತವು. ಅವಳು ಕಟ್ಟೆ ಹತ್ತಿ ಕೈಬೀಸಿ, ಸೀಟಿ ಊದಿ, ಗಂಟಲು ಹರಿದುಕೊಂಡಳು. ಅಷ್ಟರಲ್ಲಿ ವೈರ್‌ಲೆಸ್‌ನಲ್ಲಿ ಕರೆ ಬಂತು: ಸೇತುವೆಯ ಮೇಲೆ ಬಸ್ಸೊಂದು ಬ್ರೇಕ್ ಹಿಡಿದುಕೊಂಡು ಅಡ್ಡಡ್ಡ ನಿಂತಿದೆ, ತಕ್ಷಣ ಬಾ. ಸರ್ಕಲ್ಲನ್ನು ಹಾಗೇ ಬಿಟ್ಟು ಓಡಬೇಕಾಯಿತು. ಬಸ್ಸನ್ನು ತಳ್ಳಿಸಿ ದಾರಿ ಬಿಡಿಸಿದಳು. ಹಿಂದಿರುಗಿದಾಗ ಏನು ಕಾಣಬೇಕಾಗುತ್ತದೋ ಎಂದುಕೊಂಡೇ ಬಂದಳು.

ಬಂದು ನೋಡಿದರೆ ಸರ್ಕಲ್ಲು ತನ್ನಷ್ಟಕ್ಕೆ ನಡೆಯುತ್ತಿತ್ತು.

ಮೊದಲು ಅವಳಿಗೆ ನಂಬಿಕೆಯೇ ಬರಲಿಲ್ಲ. ಟೈರ್ ಪಂಕ್ಚರ್ ಅಂಗಡಿಯ ತಗಡಿನ ನೆರಳಿಗೆ ಸರಿದು ನಿಂತಳು. ಬಸ್ ನಿಲ್ದಾಣದ ಕಡೆಯಿಂದ ಒಂದು ಲಾರಿ ಬಂತು, ವೇಗ ತಗ್ಗಿಸಿತು. ಚಾಲಕ ಕಿಟಕಿಯಿಂದ ಕೈ ಹೊರಗೆ ಹಾಕಿ, ನೀನು ಹೋಗು ಎಂಬಂತೆ ಬೆರಳಾಡಿಸಿದ. ಆಸ್ಪತ್ರೆ ಕಡೆಯ ಆಟೊ ಹೋಯಿತು. ಅದರ ಹಿಂದಿನ ಕಾರು ತಾನಾಗಿ ನಿಂತಿತು, ಲಾರಿ ಹೋಯಿತು. ಸ್ಕೂಟರಿನವನು ತಲೆಯಾಡಿಸಿದ, ಸೈಕಲ್ಲಿನವಳು ನುಸುಳಿದಳು. ಒಬ್ಬರಿಗೊಬ್ಬರು ಗುರುತಿಲ್ಲ, ಪರಿಚಯವಿಲ್ಲ. ಎಲ್ಲರಿಗೂ ಅವಸರ. ಆದರೂ ನೂರಾರು ಗಾಡಿಗಳು ಮಗ್ಗದ ಎಳೆಗಳ ಹಾಗೆ ಒಂದರ ನಡುವೆ ಒಂದು ಹಾದು, ಒಂದನ್ನೊಂದು ತಾಕದೆ ಹೋಗುತ್ತಿದ್ದವು. ಹಾರ್ನ್ ಕೂಡ ಕಡಿಮೆ. ಅವಳು ಕಟ್ಟೆಯ ಮೇಲಿದ್ದಾಗ ಇಷ್ಟು ಸದ್ದಿಲ್ಲದೆ ಅದು ನಡೆದದ್ದೇ ಇಲ್ಲ. ಮೈಮೇಲೆ ಮುಳ್ಳೆದ್ದ ಹಾಗಾಯಿತು. ತನ್ನ ಕೆಲಸಕ್ಕೆ ಬೆಲೆಯಿಲ್ಲವಲ್ಲ ಎಂಬ ಬೇಸರ ಆಮೇಲೆ ಬರಬಹುದಿತ್ತು. ಆಗಂತೂ, ಮನುಷ್ಯರಿಗೆ ಇದು ಬರುತ್ತದೆಯೇ ಎಂಬ ಬೆರಗೊಂದೇ ಎದೆ ತುಂಬಿ ನಿಂತಿತು.

ಸಂಜೆ ಮನೆಯಲ್ಲಿ ಹೇಳಿದಳು. ಅಪ್ಪ ಗೆದ್ದೆ ಎಂದು ಬೀಗುತ್ತಾನೆ ಎಂದುಕೊಂಡಿದ್ದಳು. ಅವನು ಕೈಯಲ್ಲಿದ್ದ ಲೋಟ ಕೆಳಗಿಟ್ಟ.

"ಯಾರೂ ಹೇಳದೇನೇ?"

"ಯಾರೂ ಇರಲೇ ಇಲ್ಲ ಅಪ್ಪಾ."

ಅವನ ಕಣ್ಣು ಒದ್ದೆಯಾಯಿತು. "ಇಷ್ಟು ವರ್ಷ ಬಾಯಲ್ಲಿ ಹೇಳ್ತಾ ಬಂದೆ ಪುಟ್ಟಿ. ಕಣ್ಣಾರೆ ಕಂಡಿರಲಿಲ್ಲ."

ಮರುದಿನ ಅವನು ಅಂಗಡಿ ತೆರೆಯಲಿಲ್ಲ. ಮೇಷ್ಟ್ರನ್ನೂ ಎಬ್ಬಿಸಿಕೊಂಡು ಸರ್ಕಲ್ಲಿಗೆ ಹೋಗಿ, ಟೀ ಅಂಗಡಿಯ ಮುಂದೆ ಸ್ಟೂಲು ಹಾಕಿಸಿಕೊಂಡು ನಾಟಕಕ್ಕೆ ಬಂದವನಂತೆ ಕೂತ. ಸರ್ಕಲ್ಲು ತಾನೇ ನಡೆಯುತ್ತಿದೆ ಎಂದು ತಿಳಿದ ಮೇಲಿನವರು ಮಗಳನ್ನು ಸೇತುವೆಗೆ ಹಾಕಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಅವಳು ಬಂದಾಗ ಇಬ್ಬರೂ ಇನ್ನೂ ಅಲ್ಲೇ ಇದ್ದರು.

"ನೋಡಿದ್ರಾ ಮೇಷ್ಟ್ರೇ," ಎನ್ನುತ್ತಿದ್ದ ಅಪ್ಪ ಮೆಲ್ಲಗೆ, ಮಲಗಿದ ಕೂಸನ್ನು ತೋರಿಸುವವನ ಹಾಗೆ. "ಹೆದರಿಕೆ ಇಲ್ಲ, ದಂಡ ಇಲ್ಲ. ಅವನು ಇವನಿಗೆ ಬಿಡ್ತಾನೆ, ಇವನು ಅವನಿಗೆ."

"ಒಪ್ಪಿದೆ," ಎಂದರು ಮೇಷ್ಟ್ರು. ಅವರ ಮುಖದಲ್ಲೂ ಅದೇ ಬೆರಗಿತ್ತು. "ನಿಯಮ ಹೇಳೋರಿಲ್ಲದಿದ್ರೆ ಎಲ್ಲ ಗೊಂದಲ ಅಂತ ಎಷ್ಟು ತಲೆಮಾರಿನ ಮಕ್ಕಳ ಕೈಲಿ ಬರೆಸಿದೀನೋ. ಇದನ್ನ ನೋಡಿದ್ರೆ ಬರೆಸ್ತಿರಲಿಲ್ಲ." ಆಮೇಲೆ ರಸ್ತೆಯಾಚೆ ಬೆರಳು ತೋರಿಸಿ, "ಆದ್ರೆ ಆಚೆ ಬದೀಲಿ ಆ ಹೆಂಗಸು ನಿಂತಿದಾಳಲ್ಲ, ನಾವು ಮೊದಲನೇ ಟೀ ಕುಡೀವಾಗ್ಲೂ ಅಲ್ಲೇ ನಿಂತಿದ್ಲು" ಎಂದರು.

ಮೂವರೂ ನೋಡಿದರು. ಗಾಲಿಕುರ್ಚಿಯಲ್ಲಿ ಮುದುಕನೊಬ್ಬನನ್ನು ಕೂರಿಸಿಕೊಂಡು ಮಧ್ಯವಯಸ್ಸಿನ ಹೆಂಗಸು ನಿಂತಿದ್ದಳು. ಆಸ್ಪತ್ರೆಯ ದಾರಿಗೆ ದಾಟಬೇಕು. ಕುರ್ಚಿಯನ್ನು ಒಂದಿಷ್ಟು ಮುಂದೆ ತಳ್ಳುವಳು, ಮತ್ತೆ ಹಿಂದಕ್ಕೆಳೆಯುವಳು.

"ಯಾರಾದ್ರೂ ನಿಲ್ಲಿಸ್ತಾರೆ," ಎಂದ ಅಪ್ಪ.

ಒಬ್ಬ ಕಾರಿನವನು ನಿಲ್ಲಿಸಿದ ಕೂಡ. ಅವನು ಯಾಕೆ ನಿಂತ ಎಂದು ತಿಳಿಯದ ಹಿಂದಿನ ವ್ಯಾನು ಪಕ್ಕದಿಂದ ನುಗ್ಗಿತು. ಹೆಂಗಸು ಹಿಂದೆ ಸರಿದಳು. ಹರಿವು ಮತ್ತೆ ಕೂಡಿಕೊಂಡಿತು, ಮೊದಲಿನಷ್ಟೇ ಚೆಂದವಾಗಿ.

"ಇದರಲ್ಲಿ ತಪ್ಪು ಯಾರದು ಬೀಗಣ್ಣ?" ಮೇಷ್ಟ್ರ ದನಿಯಲ್ಲಿ ಕುಟುಕಿರಲಿಲ್ಲ. ನಿಜಕ್ಕೂ ಕೇಳುತ್ತಿದ್ದರು.

ಅಪ್ಪ ಗಾಡಿಗಳನ್ನು ಒಂದೊಂದಾಗಿ ನೋಡಿದ. "ಯಾರದೂ ಇಲ್ಲ."

"ಹೌದಲ್ವ. ಯಾರೂ ತಪ್ಪು ಮಾಡ್ತಿಲ್ಲ, ಆದ್ರೂ ಆಕೆ ಅಲ್ಲೇ ಇದಾಳೆ. ಗಾಡಿ ಇದ್ದೋನು ಗಾಡಿ ಇದ್ದೋನಿಗೆ ಬಿಡ್ತಾನೆ. ಆಕೆಯತ್ರ ಬಿಟ್ಟುಕೊಡೋಕೆ ಏನೂ ಇಲ್ಲ."

ಮಗಳು ಸೀಟಿಗೆ ಕೈ ಹಾಕಿ ಹೆಜ್ಜೆ ಎತ್ತಿದ್ದಳು. ಅಷ್ಟರಲ್ಲಿ ಸ್ಟೂಲು ಉರುಳಿದ ಸದ್ದಾಯಿತು. ಅಪ್ಪ ಆಗಲೇ ರಸ್ತೆಗಿಳಿದಿದ್ದ. ಜೀವಮಾನದಲ್ಲಿ ಇನ್ನೊಬ್ಬರಿಗೆ ಏಳು, ಕೂರು ಎಂದವನಲ್ಲ, ಹುಬ್ಬಿನ ಮೇಲೆ ಹಿತ್ತಾಳೆ ಪುಡಿ ಹೊತ್ತ ಆ ಸಣಕಲು ಮನುಷ್ಯ. ಅಂಥವನು ಗಾಡಿಗಳ ನಡುವೆ ನೇರ ನಡೆದು ಕಟ್ಟೆಯ ಪಕ್ಕ ನಿಂತು ಬಲಗೈ ಎತ್ತಿದ.

ಲಾರಿ ನಿಂತಿತು. ಅದರ ಬೆನ್ನಿಗೆ ಬಸ್ಸು. ಅವನು ಎಡಗೈಯನ್ನೂ ಚಾಚಿದ. ಮಾರುಕಟ್ಟೆ ಕಡೆಯದೂ ನಿಂತಿತು. ನಾಲ್ಕೂ ದಿಕ್ಕಿನಲ್ಲಿ ಗಾಡಿಗಳು ಉಸಿರು ಹಿಡಿದಂತೆ ನಿಂತು, ನಡುವೆ ದೊಡ್ಡದೊಂದು ಖಾಲಿ ಜಾಗ ತೆರೆದುಕೊಂಡಿತು. ಹೆಂಗಸು ಕುರ್ಚಿ ತಳ್ಳಿಕೊಂಡು ಅದರೊಳಗೆ ಬಂದಳು. ಮುದುಕ ಕುರ್ಚಿಯಿಂದಲೇ ಎರಡೂ ಕಡೆ ನೋಡುತ್ತ ಬಂದ, ದೊಡ್ಡ ಮನೆಯ ಹಜಾರ ನೋಡುವವನಂತೆ.

ಮಗಳು ಸೀಟಿಯಿಂದ ಕೈ ತೆಗೆದು ನೋಡುತ್ತ ನಿಂತದ್ದು ಆಮೇಲೆ. ಗಾಲಿಕುರ್ಚಿಯ ಹಿಂದೆ ಇನ್ನೂ ಜನ ಬಂದರು. ಬೇಲಿಯ ಮರೆಯಿಂದ, ಅಂಗಡಿಗಳ ಸೂರಿನಡಿಯಿಂದ, ಕಂಬದ ಹಿಂದಿನಿಂದ ಬಂದರು. ಬಿಳಿ ಕೋಲು ಹಿಡಿದ ಹುಡುಗಿ. ತಲೆಯ ಮೇಲೆ ಮೂಟೆ ಹೊತ್ತವನು. ಬಸುರಿ ಹೆಂಗಸು. ಒಬ್ಬರ ಸೆರಗೊಬ್ಬರು ಹಿಡಿದ ಇಬ್ಬರು ಅಜ್ಜಿಯರು. ನಿನ್ನೆ ತಗಡಿನ ಕೆಳಗೆ ನಿಂತು ಅಷ್ಟು ಹೊತ್ತು ಬೆರಗಾಗಿ ನೋಡಿದವಳು ತಾನು. ಇವರಲ್ಲಿ ಒಬ್ಬರನ್ನೂ ಕಂಡಿರಲಿಲ್ಲ. ಇವರು ನಿನ್ನೆಯೂ ಇಲ್ಲೇ ಎಲ್ಲೋ ನಿಂತಿದ್ದಿರಬೇಕು.

ಎಲ್ಲರೂ ದಾಟಿದ ಮೇಲೂ ಅಪ್ಪನ ಕೈ ಹಾಗೇ ಇತ್ತು. ಇಳಿಸುವುದು ಹೇಗೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅವಳು ಹೋಗಿ ಮೊಣಕೈ ಮುಟ್ಟಿದಳು. "ಸಾಕು ಅಪ್ಪಾ. ಈಗ ಬಿಡು."

ಟೀ ಅಂಗಡಿಗೆ ಮರಳಿ ಅವನು ಉರುಳಿದ್ದ ಸ್ಟೂಲನ್ನು ಎತ್ತಿಟ್ಟು ಕೂತ.

"ಅವರು ಯಾಕೆ ನಿಂತ್ರು?" ಎಂದು ಕೇಳಿದ.

"ನೀನು ಕೈ ಎತ್ತಿದೆಯಲ್ಲ."

"ನನಗೆ ಯಾರು ಕೊಟ್ರು ಆ ಹಕ್ಕು? ಅಷ್ಟು ಜನರಲ್ಲಿ ಒಬ್ಬನನ್ನೂ ಕೇಳಲಿಲ್ಲ ನಾನು." ತನ್ನ ಅಂಗೈಯನ್ನು ಯಾರದೋ ವಸ್ತುವಿನಂತೆ ತಿರುಗಿಸಿ ನೋಡಿಕೊಂಡ. "ಬೇಡ್ಕೊಳ್ತಿದೀನಿ ಅನ್ಕೊಂಡೇ ಹೋದೆ. ಎತ್ತಿದ ಮೇಲೆ ಗೊತ್ತಾಯ್ತು, ಬೇಡ್ಕೊಂಡಿದ್ದಲ್ಲ ಅದು. ನಿಲ್ಲು ಅಂದಿದ್ದು."

ಮೇಷ್ಟ್ರು ಅವನಿಗೆ ಇನ್ನೊಂದು ಟೀ ಹೇಳಿದರು.

ಸೋತು ಕೂರುವವನಲ್ಲ ಬೀಗಣ್ಣ. ಕೈ ಬೇಕೇ ಬೇಕೆಂದಾದರೆ ಅದು ಮನಸಾರೆ ಬಂದವರ ಕೈಯಾಗಲಿ ಎಂದು ಮರುದಿನವೇ ಹೊರಟ. ಟೀ ಅಂಗಡಿಯವನು, ಪಂಕ್ಚರ್ ಅಂಗಡಿಯವನು, ಆಟೊದವರು ಸರದಿಯ ಮೇಲೆ ನಿಲ್ಲತೊಡಗಿದರು. ಕೆಲವು ದಿನ ಅದೂ ನೋಡುವಂತೆಯೇ ಇತ್ತು. ಸಂಬಳವಿಲ್ಲದ ಜನ ಬಿಸಿಲಲ್ಲಿ ನಿಂತು ಅಜ್ಜಿಯರ ಕೈ ಹಿಡಿದು ದಾಟಿಸಿದರು. ಮೇಷ್ಟ್ರು ತಮ್ಮ ಮಂಡಿನೋವನ್ನೂ ಮರೆತು ಒಂದು ಹೊತ್ತು ನಿಂತರು. ಆಮೇಲಾಮೇಲೆ ಟೀ ಅಂಗಡಿಯವನಿಗೆ ವ್ಯಾಪಾರದ ಹೊತ್ತಾಯಿತು, ಆಟೊದವರಿಗೆ ಬಾಡಿಗೆ ಸಿಕ್ಕಿತು. ಬಿಡದೆ ನಿಂತವನು ಪಂಕ್ಚರ್ ಅಂಗಡಿಯವನೊಬ್ಬನೇ. ಅವನು ತನ್ನಲ್ಲಿ ಗಾಳಿ ಹಾಕಿಸುವವರನ್ನು ಮೊದಲು ಬಿಟ್ಟು, ಜಗಳವಾಡಿದ್ದ ಭಾವಮೈದುನನ ವ್ಯಾನನ್ನು ಬಿಸಿಲಲ್ಲಿ ಕಾಯಿಸಿದ.

"ನೋಡಪ್ಪ, ಒಂದು ಪುಟ್ಟ ಸರ್ಕಾರ ಹುಟ್ಟಿತು," ಎಂದರು ಮೇಷ್ಟ್ರು ನಗುತ್ತ.

"ಅದನ್ನೇ ಅಲ್ವ ನಾನು ಮೊದಲಿಂದ ಹೇಳ್ತಿರೋದು," ಎಂದ ಅಪ್ಪ. "ಕೈ ಎತ್ತೋನ ಮೇಲೆ ಒಂದು ಕಣ್ಣಿಟ್ಟಿರಬೇಕು. ಅವನು ಒಳ್ಳೆಯವನೇ ಆಗಿರಲಿ."

ಕರೆಂಟು ಬಂತು, ದೀಪಗಳು ಕಣ್ಣುಬಿಟ್ಟವು. ಮಗಳು ಸೇತುವೆಯಿಂದ ತನ್ನ ಜಾಗಕ್ಕೆ ಮರಳಿದಳು. ಭಾನುವಾರದ ವಾದ ಮಾತ್ರ ನಿಲ್ಲಲಿಲ್ಲ. ಈಗಲಾದರೂ ಸರ್ಕಾರವನ್ನು ಒಪ್ಪುತ್ತೀಯಾ ಎಂದು ಮೇಷ್ಟ್ರು ಕೇಳಿದ್ದಕ್ಕೆ ಅಪ್ಪ, "ಒಂದು ಕೈಯಷ್ಟು ಒಪ್ತೀನಿ. ಅದಕ್ಕಿಂತ ಒಂದು ಬೆರಳು ಹೆಚ್ಚಾದ್ರೂ ಜಗಳ" ಎಂದ. ಆ ಕೈ ಎಷ್ಟು ದೊಡ್ಡದಿರಬೇಕು ಎಂಬುದರ ಮೇಲೆ ಆ ಬೆಳಗ್ಗೆಯೂ ಕಳೆಯಿತು, ಮುಂದಿನ ಭಾನುವಾರಗಳೂ ಕಳೆದವು. ಅಮ್ಮ ಊಟಕ್ಕೆ ಕರೆದಾಗ ಮಾತ್ರ ಇಬ್ಬರೂ ವಾದವಿಲ್ಲದೆ ಏಳುತ್ತಿದ್ದರು.

ಬದಲಾದದ್ದು ಮಗಳ ಕೆಲಸ. ಗಾಡಿಗಳು ವಿರಳವಾಗುವ ಮಧ್ಯಾಹ್ನದ ಹೊತ್ತು ಕಂಬದ ಪೆಟ್ಟಿಗೆ ತೆರೆದು, ದೀಪವನ್ನು ಹಳದಿ ಮಿನುಗಿಗೆ ಹಾಕಿ ಅವಳು ಕಟ್ಟೆಯಿಂದ ಇಳಿದುಬಿಡುತ್ತಾಳೆ. ಮೇಲಿನವರು ಒಮ್ಮೆ ಜೀಪು ನಿಲ್ಲಿಸಿ ಯಾಕಮ್ಮ ಹೀಗೆ ಎಂದು ಕೇಳಿದರು. "ಒಂದು ಐದು ನಿಮಿಷ ನಿಂತು ನೋಡಿ ಸಾರ್" ಎಂದಳು. ಅವರು ಅದಕ್ಕಿಂತ ಹೆಚ್ಚು ಹೊತ್ತೇ ನಿಂತರು. ಆಮೇಲೆ ಜೀಪು ಹತ್ತಿ ಹೋದರು.

ಆ ಹೊತ್ತಿನಲ್ಲಿ ಅವಳು ಕೂಡುರಸ್ತೆಯ ಅಂಚಿನಲ್ಲಿರುತ್ತಾಳೆ. ಗಾಡಿಗಳ ಕಡೆ ಬೆನ್ನು, ಕಣ್ಣು ಸೂರಿನಡಿಯ ನೆರಳುಗಳ ಕಡೆ. ಯಾರಾದರೂ ಅಲ್ಲಿ ಒಂದು ಹೆಜ್ಜೆ ಮುಂದಿಟ್ಟು ಹಿಂದೆ ಸರಿದರೆ ರಸ್ತೆಗಿಳಿದು ಕೈ ಎತ್ತುತ್ತಾಳೆ. ಅವಸರದ ಆ ಜನ, ಹೆಸರೂ ಗೊತ್ತಿಲ್ಲದವರು, ಪ್ರತಿ ಸಲವೂ ಬ್ರೇಕ್ ಒತ್ತಿ ನಿಲ್ಲುತ್ತಾರೆ. ಇಷ್ಟು ವರ್ಷವಾದರೂ ಅವಳಿಗೆ ಅದು ಅಭ್ಯಾಸವಾಗಿಲ್ಲ.