ಮೀನಖಂಡ ನೋಡಿ ಬೈಠಕ್

ಉಡದ ಎಣ್ಣೆಯ ವಾಸನೆಗೆ ನನಗೆ ಈವರೆಗೂ ಸರಿಯಾದ ಮಾತು ಸಿಕ್ಕಿಲ್ಲ. ಕೊಳೆತ ಮೀನು ಅಂದರೆ ಕಡಿಮೆಯಾಗುತ್ತದೆ, ಸತ್ತ ಇಲಿ ಅಂದರೆ ಹೆಚ್ಚಾಗುತ್ತದೆ. ಆ ಭಾನುವಾರ ಚಂದಾಪುರದಿಂದ ಬಂದ ನಮ್ಮ ಸೋದರಮಾವ ಅದನ್ನು ಒಂದು ಬಾಟಲಿ ತುಂಬ ತಂದಿದ್ದ. ಕುಂಚಾವರಂ ಕಡೆ ಯಾರೋ ಉಡ ಹಿಡಿದು, ಕೊಬ್ಬು ಕಾಯಿಸಿ, ಕದ್ದು ಮಾರಿದ್ದು. ಶಹಾಬಾದಿನ ನಮ್ಮ ಮನೆಯ ಅಂಗಳದಲ್ಲಿ, ಹಾಸುಗಲ್ಲಿನ ಮೇಲೆ, ಇಪ್ಪತ್ತು ದಾಟಿದ ನನ್ನ ತಮ್ಮ ಬೋರಲು ಮಲಗಿದ್ದ. ಅವ್ವ ಸೆರಗಿನಿಂದ ಮೂಗು ಕಟ್ಟಿಕೊಂಡು ಅವನ ಮೀನಖಂಡಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಎಣ್ಣೆಯಲ್ಲಿ ಬೂದು ಬಣ್ಣದ ಚೂರುಗಳು ತೇಲುತ್ತಿದ್ದವು. ಚೂರುಗಳು ನಿಜವಾಗಿ ಇದ್ದವೋ, ಆಮೇಲೆ ನಾನೇ ಸೇರಿಸಿಕೊಂಡೆನೋ, ಆಣೆ ಮಾಡಿ ಹೇಳಲಾರೆ. ಅಸಹ್ಯವಾದದ್ದನ್ನು ನೆನಪು ಪ್ರತಿ ಸಲವೂ ಇನ್ನಷ್ಟು ಅಸಹ್ಯ ಮಾಡಿಯೇ ಕೈಗೆ ಕೊಡುತ್ತದೆ.

"ನೀನೂ ಒಂದೀಟು ತಿಕ್ಕು ಬಾ, ನನ್ನ ಕೈ ಸೋತವು" ಅಂದಳು ಅವ್ವ.

ತಿಕ್ಕಿದೆ. ನೋಡಲು ಬಂಡೆಯಂತಿದ್ದ ಕಾಲು, ಒತ್ತಿದರೆ ರಬ್ಬರಿನ ಹಾಗೆ ತಗ್ಗಿ ಮತ್ತೆ ಉಬ್ಬುತ್ತಿತ್ತು. ಕೈಗೆ ಮಾಂಸ ಸಿಕ್ಕಿತೆಂದು ಅನಿಸಲಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡೆ. ಎಣ್ಣೆಗೆ ಹೇಸಿಯೋ ಕಾಲಿಗೆ ಹೇಸಿಯೋ ಗೊತ್ತಾಗಲಿಲ್ಲ.

ತಮ್ಮ ಎರಡು ವರ್ಷದಿಂದ ಕುಸ್ತಿಯ ತಾಲೀಮಿಗೆ ಹೋಗುತ್ತಿದ್ದ. ಅಲ್ಲಿಯ ಉಸ್ತಾದರದು ಒಂದು ಪದ್ಧತಿ. ಹುಡುಗರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಮೀನಖಂಡ ಹಿಂಡಿ ನೋಡುತ್ತಾರೆ. ಯಾರದು ದಪ್ಪವೋ ಅವರಿಗೆ ಹೆಚ್ಚು ಬೈಠಕ್, ಅಂದರೆ ಕೂತು ಏಳುವ ಕಸರತ್ತು. ಕಾಲಲ್ಲಿ ಶಕ್ತಿ ಇದ್ದವನಿಂದಲೇ ದುಡಿಸಬೇಕು ಎಂಬುದು ಅವರ ಲೆಕ್ಕ. ತಾಲೀಮಿನಲ್ಲಿ ಎಲ್ಲರಿಗಿಂತ ದಪ್ಪ ಮೀನಖಂಡ ನನ್ನ ತಮ್ಮನವು. ಆದರೆ ಕೆಲವು ತಿಂಗಳಿಂದ ಅವನು ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆ ತಾನೇ ಕೈ ಊರಿ, ತನ್ನನ್ನೇ ಹತ್ತುತ್ತಿರುವವನ ಹಾಗೆ ಏಳುತ್ತಿದ್ದ. ಪೈಲ್ವಾನರ ಗತ್ತು ಅಂತ ಓಣಿಯವರು ಹೊಗಳಿದರು.

ಎಣ್ಣೆಯ ಕೈ ತೊಳೆಯಲು ಬಚ್ಚಲಿಗೆ ಹೋದೆ. ನನಗಿಂತ ಮುಂಚೆ ತಮ್ಮ ಹೋಗಿ ಬಂದಿದ್ದ, ಸರಿಯಾಗಿ ನೀರು ಹಾಕಿರಲಿಲ್ಲ. ಕಲ್ಲಿನ ಮೇಲೆ ನಿಂತ ಮೂತ್ರ ಹಾಲಿಲ್ಲದ ಕಡಕ್ ಚಹಾದ ಬಣ್ಣದ್ದು.

"ಇದು ಯಾವಾಗಿಂದ?" ಹೊರಗೆ ಬಂದು ಕೇಳಿದೆ.

"ಥೂ ಅಕ್ಕಾ, ಅದೆಲ್ಲ ಯಾಕ ನೋಡ್ಲಿಕ್ಕಿ ಹೋಗ್ತಿ?"

"ಹೇಳಲೇ."

"ಭಾಳ ಬೈಠಕ್ ಹೊಡದ ದಿನ ಹಂಗಾಗ್ತದ. ಉಷ್ಣ ಇಳಿಲಿಕತ್ತದ, ಚೊಲೋನೇ ಅದ ಅಂದಾರ ಉಸ್ತಾದ್."

ನಾನು ಓದಿದ್ದು ಜೀವರಸಾಯನ ವಿಜ್ಞಾನ. ಸೇಡಂನಲ್ಲಿ ಅದನ್ನೇ ಪಾಠ ಮಾಡಿ, ಚಿತ್ತಾಪುರ, ವಾಡಿ ದಾಟಿ ರೈಲಿನಲ್ಲಿ ಮನೆಗೆ ಬರುತ್ತೇನೆ. ಸ್ನಾಯುವಿನ ಎಳೆ ಬರೀ ಜಗ್ಗುವ ಪ್ರೋಟೀನುಗಳಿಂದ ನಿಲ್ಲುವುದಿಲ್ಲ ಎಂದು ತರಗತಿಯಲ್ಲಿ ಹೇಳುತ್ತೇನೆ. ಜಗ್ಗುವವನ್ನು ಎಳೆಯ ಹೊರಪೊರೆಗೆ ಕಟ್ಟಿ ಹಿಡಿಯುವ ಇನ್ನೊಂದು ಉದ್ದನೆಯ ಪ್ರೋಟೀನು ಇದೆ, ಡಿಸ್ಟ್ರೋಫಿನ್. ಹೊರಸಿನ ನುಲಿಯನ್ನು ಚೌಕಟ್ಟಿಗೆ ಬಿಗಿದ ಗಂಟು ಇದ್ದ ಹಾಗೆ. ಅದು ಇಲ್ಲದಿದ್ದರೆ, ಅಥವಾ ಅರೆಬರೆ ಇದ್ದರೆ, ಜಗ್ಗಿದಾಗಲೆಲ್ಲ ಪೊರೆ ಹರಿಯುತ್ತದೆ. ಸತ್ತ ಎಳೆಗಳ ಜಾಗದಲ್ಲಿ ಕೊಬ್ಬು, ನಾರು ತುಂಬಿಕೊಂಡು ಕಾಲು ದಪ್ಪ ಕಾಣುತ್ತದೆ. ಒಳಗಿನ ಕೆಂಪು ಪ್ರೋಟೀನು ಸೋರಿ ರಕ್ತಕ್ಕೆ ಸೇರಿ, ಮೂತ್ರದಲ್ಲಿ ಇಳಿಯುತ್ತದೆ. ಹೋಗುವ ದಾರಿಯಲ್ಲಿ ಮೂತ್ರಪಿಂಡವನ್ನೇ ಕೆಡಿಸಬಹುದು. ಇಂಥ ಕಾಲಿಗೆ ಬೈಠಕ್ ಎಂದರೆ ವಿಷ.

ಇದೆಲ್ಲ ಬಚ್ಚಲಿನ ಬಾಗಿಲಲ್ಲೇ ನನಗೆ ಹೊಳೆಯಿತೆಂದು ಹೇಳಿಕೊಳ್ಳಲು ಆಸೆ. ಆಮೇಲೆ ತಿಳಿದದ್ದನ್ನು ಹಿಂದಕ್ಕೆ ಹೊಲಿದುಕೊಂಡಿರಲೂ ಸಾಕು. ಅನುಮಾನವಂತೂ ಆಗಲೇ ಇತ್ತು. ಇಲ್ಲದಿದ್ದರೆ ಅವನ ಕೈಗೆ ಖಾಲಿ ಗಾಜಿನ ಬಾಟಲಿ ಕೊಟ್ಟು, "ಮುಂದಿನ ಸಲ ಇದರಾಗ ಹಿಡಿ" ಅನ್ನುತ್ತಿರಲಿಲ್ಲ. ಊಟಕ್ಕೆ ಸ್ವಲ್ಪ ಮುಂಚೆ ಅವನು ಬೈದುಕೊಂಡೇ ಹಿಡಿದು ತಂದ.

ಅಂದು ಮಧ್ಯಾಹ್ನ ಉಸ್ತಾದರು ಊಟಕ್ಕೆ ಬಂದರು. ಚಿತ್ತಾಪುರದಲ್ಲಿ ತಮ್ಮನ ಕುಸ್ತಿ ನಿಗದಿಯಾಗಿತ್ತು, ಅದರ ಮಾತಾಡುವುದಿತ್ತು. ಅವ್ವ ಪಾಯಾ ಮಾಡಿದ್ದಳು. ಕುರಿಯ ಕಾಲು ಬೆಂದು, ಸಾರು ಅಂಟಂಟಾಗಿ, ಉಸ್ತಾದರ ಮೀಸೆಗೂ ಮಾವನ ಗದ್ದಕ್ಕೂ ಮೆತ್ತಿತ್ತು. ಇಬ್ಬರೂ ಎಲುಬು ಚೀಪುವ ಸದ್ದು ಅಡುಗೆಮನೆಯವರೆಗೆ ಕೇಳುತ್ತಿತ್ತು.

"ಇವನ ಕಾಲು ಬರೇ ಕಾಲಲ್ರಿ, ಕಂಬ ಅವ" ಎಂದರು ಉಸ್ತಾದರು. "ನಾಳೆಯಿಂದ ಬೈಠಕ್ ಡಬಲ್."

"ಡಬಲ್ ಯಾಕ್ರಿ, ತೀನ್ ಪಟ್ ಮಾಡ್ರಿ!" ಎಂದ ಮಾವ. "ನಮ್ಮ ಎಣ್ಣಿ ಅದ. ಉಡ ಹೆಂಗ ಗ್ವಾಡಿ ಹಿಡಿತದೋ ಹಂಗ ನೆಲ ಹಿಡಿತಾನ."

ತಮ್ಮ ನಕ್ಕ. ಅವನ ಗೆಲುವು ನೋಡಿ ನನಗೆ ಇನ್ನಷ್ಟು ಹೇಸಿಗೆಯಾಯಿತು. "ನಾಳೆಯಿಂದ ಒಂದು ಬೈಠಕ್ಕೂ ಬ್ಯಾಡ್ರಿ. ಮೊದಲ ದವಾಖಾನಿಗೆ ಹೋಗಬೇಕು" ಎಂದೆ.

"ಅಕ್ಕೋರೆ, ನಿಮ್ಮ ಸಾಲಿ ವಿದ್ಯಾ ಸಾಲ್ಯಾಗ" ಎಂದರು ಉಸ್ತಾದರು, ತಲೆಯೆತ್ತದೆ. "ಕಾಲಿನ ವಿದ್ಯಾ ನಮ್ಮದು."

"ಗಂಡಸರು ಉಣ್ಣಾಗ ನಡುವ ಬರಬ್ಯಾಡ" ಎಂದ ಮಾವ.

ಒಳಗೆ ಹೋಗಿ ಆ ಬಾಟಲಿ ತಂದು ಪಾಯಾದ ಬೋಗುಣಿಯ ಪಕ್ಕದಲ್ಲಿಟ್ಟೆ.

"ಏನಿದು, ಕಷಾಯ ಏನು?" ಎಂದು ಮಾವ ಕೈಯಲ್ಲಿ ಎತ್ತಿಕೊಂಡ. ಬಾಟಲಿ ಇನ್ನೂ ಬೆಚ್ಚಗಿತ್ತು.

"ನೀವು ತಿನ್ಲಿಕತ್ತಿದ್ದು ಕುರಿ ಕಾಲು" ಎಂದೆ. "ಇದು ನಮ್ಮ ತಮ್ಮನ ಕಾಲು. ಕರಗಿ ಉಚ್ಚಿ ಒಳಗ ಹೊಂಟದ."

ಹೀಗೇ ಅಂದೆ ಎಂದು ನನ್ನ ನೆನಪು. ನಾನು ಚೀರಿದೆ ಎನ್ನುತ್ತಾಳೆ ಅವ್ವ. ನಾನು ನಗುತ್ತಿದ್ದೆ ಎನ್ನುತ್ತಾನೆ ತಮ್ಮ. ಆ ಮಾತು ನನಗೆ ಇಷ್ಟವಿಲ್ಲ, ಆದರೆ ಸುಳ್ಳೆಂದು ಸಾಧಿಸಲಾರೆ. ಮಾವ ಬಾಟಲಿ ಕೈಬಿಟ್ಟ. ಅದು ಉರುಳಿ ಹಾಸುಗಲ್ಲಿನ ಮೇಲೆ ಕಂದು ನೀರು ಹರಿದು ರೊಟ್ಟಿಯ ಬುಟ್ಟಿಯ ತಳಕ್ಕೆ ಹತ್ತಿತು. ಮಾವ ಬಾಯಿ ಮುಚ್ಚಿಕೊಂಡು ಅಂಗಳಕ್ಕೆ ಓಡಿದ. ಉಸ್ತಾದರು ಮಾತ್ರ ಕದಲಲಿಲ್ಲ. ಬಾಯಲ್ಲಿದ್ದ ಎಲುಬು ತೆಗೆದು ತಾಟಿನಲ್ಲಿಟ್ಟು ಹೇಳಿದರು: "ಚೊಲೋ ಉಡದ ಎಣ್ಣಿ ಸಿಕ್ಕಿಲ್ಲ, ಅದಕ್ಕ."

ತಮ್ಮ ಎದ್ದ. ತೊಡೆಯ ಮೇಲೆ ಕೈ ಊರಿ, ಸೊಂಟ ಮೇಲೆತ್ತಿ, ಆಮೇಲೆ ಮೈ ನೆಟ್ಟಗೆ ಮಾಡುತ್ತ ಎದ್ದ. ಆ ಏಳುವಿಕೆಯನ್ನು ಅವ್ವ ಆ ದಿನ ಮೊದಲ ಸಲ ಕಣ್ಣಿಟ್ಟು ನೋಡಿದಳು ಅನಿಸುತ್ತದೆ. ಒದ್ದೆಯಾದ ಬುಟ್ಟಿಯ ರೊಟ್ಟಿಗಳನ್ನು ಹೊರಗೆ ಎಸೆದು ಬಂದು, "ನಡಿ, ಬಸ್ಸಿಗೆ ಹೋಗೋಣ" ಎಂದಳು.

ಕಲಬುರಗಿಯ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಮೂತ್ರಪಿಂಡ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಕಾಲಿನ ವಿಷಯದಲ್ಲಿ ಅವರ ಅನುಮಾನವೂ ನನ್ನದೇ; ಆ ಪ್ರೋಟೀನಿನ ಮಾತನ್ನು ತಮ್ಮನ ಎದುರೇ ಹೇಳಿದರು. ಪರೀಕ್ಷೆಗೆ ರಕ್ತ ಕಳಿಸಿದರು. ಕುಸ್ತಿ ಇನ್ನು ಇಲ್ಲ, ಮೆಲ್ಲಗೆ ನಡೆಯಬೇಕು. ಈ ಕೊರತೆ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಬರುತ್ತದೆ ಎಂದು, ಅವ್ವ ಚಹಾ ತರಲು ಹೋದಾಗ, ತಗ್ಗಿದ ದನಿಯಲ್ಲಿ ನಮಗಿಬ್ಬರಿಗೆ ಹೇಳಿ ಹೋದರು.

ತಮ್ಮ ನನ್ನೊಡನೆ ಮಾತು ಬಿಟ್ಟಿದ್ದ. ಗೋಡೆಯ ಕಡೆ ಮುಖ ಮಾಡಿದವನು ಕೊನೆಗೆ ಕೇಳಿದ, "ಆ ಪ್ರೋಟೀನು ಹೊರಗಿಂದ ಹಾಕ್ಲಿಕ್ಕಿ ಬರ್ತದೇನು?"

"ಈಗ ಇಲ್ಲಿ ಬರಂಗಿಲ್ಲ."

"ಮತ್ತ ಇದು ಅವ್ವನ ಕಡಿಂದ ಬಂದದ್ದು?"

"ಇರಬಹುದು. ಆಕಿ ತಪ್ಪೇನಿಲ್ಲ ಅದರಾಗ."

ಅವನು ಈ ಕಡೆ ಹೊರಳಿದ. ವಾರ್ಡಿನ ಬಾಗಿಲಲ್ಲಿ ಅವ್ವ ಚಹಾದ ಲೋಟ ಹಿಡಿದು ಬರುವುದು ಕಂಡಿತು.

"ಅವ್ವಗ ನಾ ಹೇಳ್ತೀನಿ, ನೀ ಹೇಳಬ್ಯಾಡ" ಎಂದ. "ನೀ ಹೇಳಿದ್ರ ಮಂದಿ ಉಣ್ಣೋದೇ ಬಿಡ್ತಾರ."