ರಬ್ಬರ್ ಪಟ್ಟಿಗೊಂದು ಅಂಗಿ

ಮೆತ್ತಗಿರುವ ವಸ್ತುಗಳ ಮೇಲೆ ನನಗಿದ್ದ ನಂಬಿಕೆ ಹೋದ ವರ್ಷ ಒಂದು ಬೆಳಿಗ್ಗೆ, ನಮ್ಮ ನಡುಮನೆಯ ಕಿಟಕಿಯ ಮುಂದೆ, ಒಂದೇ ಏಟಿಗೆ ಹಾರಿಹೋಯಿತು. ಚಾಕು, ಸುತ್ತಿಗೆ, ಗ್ಯಾಸ್ ಒಲೆ ಇವಕ್ಕೆಲ್ಲ ಹೆದರಬೇಕೆಂದು ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಹಸಿರು ಬಣ್ಣದ, ಮುಟ್ಟಿದರೆ ಹೊಸ ಬಲೂನಿನಷ್ಟು ನುಣುಪಾದ ಒಂದು ರಬ್ಬರ್ ಪಟ್ಟಿಗೆ ಹೆದರಬೇಕೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಪಟ್ಟಿ ನನ್ನದಲ್ಲ, ನನ್ನ ಹೆಂಡತಿ ಶಾರದೆಯದು. ಅವಳ ಬಲಭುಜ ಹಿಡಿದುಕೊಂಡು ಕೈ ಹೆಗಲಿಗಿಂತ ಮೇಲೆ ಏಳದಂತಾಗಿತ್ತು. ಯಲಹಂಕದ ಫಿಸಿಯೋಥೆರಪಿಸ್ಟ್ ಹುಡುಗಿ ಈ ಪಟ್ಟಿ ಕೊಟ್ಟು, ಒಂದು ತುದಿಯನ್ನು ಕಿಟಕಿಗೆ ಕಟ್ಟಿ ಇನ್ನೊಂದು ತುದಿಯನ್ನು ದಿನಾ ಮೆಲ್ಲಗೆ ಎಳೆಯಿರಿ ಎಂದಿದ್ದಳು. ಶಾರದೆ ಮೆಲ್ಲಗೇ ಎಳೆಯುತ್ತಿದ್ದಳು. ನೋಡುತ್ತ ಕೂತ ನನಗೆ ಅದು ತೀರಾ ಮೆಲ್ಲಗೆ ಅನ್ನಿಸಿತು. ನಿವೃತ್ತನಾಗುವವರೆಗೆ ಕಾಲೇಜಿನ ಗ್ರಂಥಾಲಯದಲ್ಲಿ ದಪ್ಪ ದಪ್ಪ ಸಂಪುಟಗಳನ್ನು ಎತ್ತಿಳಿಸಿದವನು ನಾನು. ತೋಳ್ಬಲದ ವಿಷಯದಲ್ಲಿ ನನಗೂ ಕೆಲವು ಅಭಿಪ್ರಾಯಗಳಿವೆ.

"ಕೊಡಿಲ್ಲಿ, ಹೇಗಂತ ತೋರಿಸ್ತೀನಿ," ಎಂದೆ.

ಪಟ್ಟಿ ಹಿಡಿದು ಹಿಂದಕ್ಕೆ ಸರಿದೆ. ಅದು ಎಳೆದಷ್ಟೂ ಬಂತು. ಇಷ್ಟು ಒಳ್ಳೆಯ ಸ್ವಭಾವದ ವಸ್ತುವನ್ನು ನಾನು ಕಂಡೇ ಇರಲಿಲ್ಲ. ಇನ್ನೊಂದು ಹೆಜ್ಜೆ ಸರಿದೆನೋ ಇಲ್ಲವೋ, ಕಿಟಕಿಯ ಹತ್ತಿರ ಪಟಾಕಿ ಸಿಡಿದಂಥ ಸದ್ದು. ಮರುಕ್ಷಣ ಯಾರೋ ಮುಖಕ್ಕೆ ಚಾಟಿ ಬೀಸಿದಂತಾಯಿತು. ಕನ್ನಡಕ ನೆಲಕ್ಕೆ ಬಿತ್ತು. ಎಡಗಣ್ಣಿನ ಮೇಲೆ ಕೈಯಿಟ್ಟೆ. ಬೆರಳು ಒದ್ದೆಯಾಗಿತ್ತು.

"ಅಯ್ಯೋ, ಕಣ್ಣು! ಕೈ ತೆಗೀರಿ, ಕೈ ತೆಗೀರಿ ಅಂದ್ರೆ! ನಾನು ಕಾಣ್ತೀನಾ?"

ಕಾಣುತ್ತಿದ್ದಳು. ಆದರೆ ಹೌದು ಎಂದು ಹೇಳಲು ನನಗೆ ಬಾಯೇ ಬರಲಿಲ್ಲ. ಗಾಬರಿ ಎಂಬ ಪದದ ಅರ್ಥ ನಿಘಂಟಿನಲ್ಲಿ ಎಷ್ಟೋ ಸಲ ನೋಡಿದ್ದೆ. ಅದು ನಾಲಿಗೆಯನ್ನೇ ಮೊದಲು ಹಿಡಿಯುತ್ತದೆ ಎಂದು ಅಲ್ಲಿ ಬರೆದಿರಲಿಲ್ಲ.

ಕಣ್ಣಿನ ಡಾಕ್ಟರು ಹುಬ್ಬಿನ ಗಾಯಕ್ಕೆ ಹೊಲಿಗೆ ಹಾಕಿಸಿ, ಬಿರುಕು ಬಿಟ್ಟ ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿದರು. "ಏಟು ಇದು ತಿಂದಿದೆ. ಕನ್ನಡಕ ಇಲ್ದೇ ಹೋಗಿದ್ರೆ ನಾವಿವತ್ತು ಬೇರೆ ಮಾತಾಡ್ಬೇಕಾಗಿತ್ತು," ಎಂದರು.

ಮನೆಯ ಗೇಟಿನ ಮುಂದೆ ಆಟೋದಿಂದ ಇಳಿದಾಗ ಶಾರದೆ ಮೆಲ್ಲಗೆ ಹೇಳಿದಳು: "ನನಗೆ ಕನ್ನಡಕ ಇಲ್ವಲ್ಲ ರೀ. ದಿನಾ ಅದರ ಮುಂದೆ ನಿಲ್ತಿದ್ದೋಳು ನಾನು."

ಹುಬ್ಬಿನ ಏಟಿಗಿಂತ ಆ ಮಾತಿನ ಏಟು ಜೋರಾಗಿತ್ತು.

ನಾವು ಎಂಥ ಜನ ನೋಡಿ. ಸ್ವಯಂವರದ ಕತೆಗಳಲ್ಲಿ ರಾಜಕುಮಾರ ಬಿಲ್ಲು ಮುರಿದದ್ದನ್ನು ತಲೆತಲಾಂತರದಿಂದ ಹೊಗಳುತ್ತ ಬಂದಿದ್ದೇವೆ. ಮುರಿದ ಬಿಲ್ಲಿನ ಹೆದೆ ಯಾವ ಕಡೆ ಹಾರಿತು, ಮುಂದಿನ ಸಾಲಿನಲ್ಲಿ ಕೂತಿದ್ದವರ ಕಣ್ಣು ಏನಾಯಿತು ಎಂದು ಒಬ್ಬರೂ ಕೇಳಿಲ್ಲ. ಚಿಕ್ಕಂದಿನಲ್ಲಿ ನಾನು ಕ್ಯಾಟರ್‌ಬಿಲ್ಲು ಹಿಡಿದು ನಮ್ಮ ಕೋಗಿಲು ಊರಿನ ಹುಣಸೆಮರಗಳಿಗೆಲ್ಲ ಕಲ್ಲು ಹೊಡೆದವನು. ರಬ್ಬರಿಗೆ ನಾವು ಕೊಟ್ಟ ಬಲವನ್ನೆಲ್ಲ ಅದು ಒಳಗೇ ಕೂಡಿಟ್ಟುಕೊಂಡು ಒಮ್ಮೆಲೇ ವಾಪಸು ಮಾಡುತ್ತದೆ ಎಂದು ಆಗಲೇ ಗೊತ್ತಿತ್ತು. ಅದೇ ರಬ್ಬರನ್ನು ವ್ಯಾಯಾಮ ಎಂದು ಕರೆದ ಕೂಡಲೇ ಎಲ್ಲ ಮರೆತುಹೋಯಿತು.

ಶಾರದೆ ಕಿಟಕಿಯ ಹತ್ತಿರ ಸುಳಿಯುವುದನ್ನೇ ಬಿಟ್ಟಳು. ಭುಜ ಇನ್ನಷ್ಟು ಬಿಗಿಯಿತು. ಜಡೆ ಹಾಕಿಕೊಳ್ಳಲು ಕೈ ಹಿಂದಕ್ಕೆ ಹೋಗದಾಗ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಹೆಣೆದ ಜಡೆ ತಿಂಡಿ ಮುಗಿಯುವ ಹೊತ್ತಿಗೆ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ಹೀಗೇ ಬಿಟ್ಟರೆ ಕೈ ಪೂರ್ತಿ ಕಟ್ಟಿಕೊಳ್ಳುತ್ತದೆ ಎಂದು ಫಿಸಿಯೋಥೆರಪಿಸ್ಟ್ ಹೆದರಿಸಿದಳು. ಶಾರದೆ ಅದಕ್ಕೂ ಜಗ್ಗಲಿಲ್ಲ.

ನಮ್ಮ ಮಹಡಿಯ ಬಾಡಿಗೆಮನೆಯಲ್ಲಿ ಮಲ್ಲಿಕಾರ್ಜುನ ಎಂಬವರಿದ್ದಾರೆ. ಗದಗಿನ ಕಡೆಯವರು, ಇಲ್ಲಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಯಂತ್ರಗಳ ವಿನ್ಯಾಸ ಕಲಿಸುತ್ತಾರೆ. ನನ್ನ ಕಣ್ಣು ನೋಡಲು ಬಂದವರು ಹರಿದ ಪಟ್ಟಿಯನ್ನೇ ಹೆಚ್ಚು ಹೊತ್ತು ನೋಡಿದರು. ಆಮೇಲೆ ಕಿಟಕಿಯ ಸರಳುಗಳ ಮೇಲೆ ಬೆರಳಾಡಿಸಿ, ಬೆಸುಗೆಯ ಒಂದು ಚೂಪು ಗಂಟಿನ ಹತ್ತಿರ ನಿಲ್ಲಿಸಿದರು.

"ಸರ, ಇದು ನೀವು ಎಳದಾಗ ಹರದಿದ್ದಲ್ಲ. ಈ ಗಂಟಿಗೆ ತಿಕ್ಕಿ ತಿಕ್ಕಿ ದಿನಾ ಸಣ್ಣಗ ಹರೀಲಿಕತ್ತಿತ್ತು. ಮ್ಯಾಲ ಬಿಸಲು ಬ್ಯಾರೆ."

"ಹರೀದೇ ಇರೋ ಪಟ್ಟಿ ಸಿಗಲ್ವಾ?" ಎಂದು ಶಾರದೆ ಕೇಳಿದಳು.

"ಇಲ್ರಿ ಅಕ್ಕಾರ. ರಬ್ಬರ್ ಅಂದ ಮ್ಯಾಲ ಒಂದಿನ ಹರಿಯೂದ. ಆದ್ರ ಹರದ ಮ್ಯಾಲ ಅದು ಎಲ್ಲಿಗೆ ಹೋಗಬೇಕು ಅನ್ನೂದು ನಮ್ಮ ಕೈಯಾಗ ಐತಿ."

"ಹಾಗಾದ್ರೆ ನನ್ನ ಕಣ್ಣೆದುರೇ ಹರಿದು ತೋರಿಸಿ. ಆಮೇಲೆ ನೋಡೋಣ."

ನಾನು ಬೆಚ್ಚಿಬಿದ್ದೆ. ಒಂದು ಸಲ ನೋಡಿದ್ದು ಸಾಲದೇ ಇವಳಿಗೆ?

ಮಲ್ಲಿಕಾರ್ಜುನರ ಯೋಜನೆ ಸರಳವಾಗಿತ್ತು. ಪಟ್ಟಿಗೊಂದು ಬಟ್ಟೆಯ ಅಂಗಿ ತೊಡಿಸಬೇಕು, ಹರಿದರೂ ತುಂಡು ಹೊರಗೆ ಹಾರಬಾರದು. ಅಂಗಿಯೊಳಗೆ ಪಟ್ಟಿಯ ಜೊತೆಗೇ ಸ್ಕೂಲ್‌ಬ್ಯಾಗಿನ ಪಟ್ಟೆಯಂಥ ಗಟ್ಟಿ ದಾರವೊಂದು ಓಡಬೇಕು, ಮಿತಿಮೀರಿ ಎಳೆದರೆ ಅದು ಬಿಗಿದು ತಡೆಯಬೇಕು. ಸರಳಿಗೆ ಸುತ್ತಲು ಅಗಲವಾದ ಮೆತ್ತನೆಯ ಕುಣಿಕೆ ಬೇಕು. ಮೇಜಿನೆತ್ತರದ ಕೆಲಸಕ್ಕೆ ಶಾರದೆಯ ಕೈ ತಕರಾರು ಮಾಡುತ್ತಿರಲಿಲ್ಲವಾದ್ದರಿಂದ ಹೊಲಿಗೆ ಅವಳದಾಯಿತು. ಬಟ್ಟೆ ನನ್ನ ಪೈಜಾಮದ ಕಾಲಿನದು, ಅನುಮತಿ ಯಾರೂ ಕೇಳಲಿಲ್ಲ. ಮೊದಲ ಅಂಗಿ ಪಟ್ಟಿಯಷ್ಟೇ ಉದ್ದವಿದ್ದು, ಎಳೆದರೆ ಪಟ್ಟಿ ಒಂದಿಂಚೂ ಹಿಗ್ಗಲಿಲ್ಲ. ಮೂವರೂ ನಕ್ಕೆವು. ನಮ್ಮ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ಎರಡನೆಯದನ್ನು ಶಾರದೆ ಉದ್ದಕ್ಕೆ ಹೊಲಿದು, ಎಳೆದಾಗ ಬಿಚ್ಚಿಕೊಳ್ಳುವಂತೆ ನೆರಿಗೆ ನೆರಿಗೆಯಾಗಿ ಹಿಂದಕ್ಕೆ ಸರಿಸಿದಳು.

ಭಾನುವಾರ ಟೆರೇಸಿನಲ್ಲಿ ಪರೀಕ್ಷೆ. ಮಲ್ಲಿಕಾರ್ಜುನ, ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ ತಂದಿದ್ದ ಹಳೆಯ ಪಟ್ಟಿಗಳಲ್ಲಿ ಒಂದಕ್ಕೆ ಬ್ಲೇಡಿನಿಂದ ಬೇಕೆಂದೇ ಗಾಯ ಮಾಡಿ, ಅಂಗಿಯೊಳಗೆ ತೂರಿಸಿ, ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡು ನಿಂತರು. ದೂರದಲ್ಲಿದ್ದ ನಾನೂ ಹೆಲ್ಮೆಟ್ ಹಾಕಿಕೊಂಡೆ. ಪಕ್ಕದ ಮನೆಯವರು ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ನಮ್ಮನ್ನೇ ನೋಡಿದರು. ಶಾರದೆ ಮೆಟ್ಟಿಲ ಬಾಗಿಲ ಗಾಜಿನ ಹಿಂದೆ ನಿಂತಿದ್ದಳು.

ಅವರು ಎಳೆದರು. ನಾನು ಕಣ್ಣು ಮುಚ್ಚಿಕೊಂಡೆ. 'ಫಟ್' ಎಂದಿತು, ಯಾರೋ ಕೋಣೆಯೊಳಗೆ ದಿಂಬು ಕೊಡವಿದ ಹಾಗೆ. ಕಣ್ಣು ಬಿಟ್ಟರೆ ಮಲ್ಲಿಕಾರ್ಜುನ ನಿಂತಲ್ಲೇ ನಿಂತಿದ್ದರು. ದಾರ ಅವರನ್ನು ಹಿಡಿದಿತ್ತು. ಅಂಗಿ ಪಡವಲಕಾಯಿಯಂತೆ ಜೋತುಬಿದ್ದಿತ್ತು.

"ಇಷ್ಟೇನಾ?" ಎಂದಳು ಶಾರದೆ. ಅವಳು ಕಣ್ಣು ಮುಚ್ಚಿರಲಿಲ್ಲ.

"ಇಷ್ಟ ರೀ ಅಕ್ಕಾರ."

"ಇನ್ನೊಂದ್ಸಲ ಮಾಡಿ."

ಇದ್ದ ಹಳೆಯ ಪಟ್ಟಿಗಳೆಲ್ಲ ತೀರುವವರೆಗೆ ಹರಿಸಿದಳು. ಕೊನೆಯದಕ್ಕೆ ಗಾಜಿನ ಹಿಂದಿನಿಂದ ಹೊರಗೆ ಬಂದು ನಿಂತಳು. ಮರುದಿನ ಬೆಳಿಗ್ಗೆ, ಮಲ್ಲಿಕಾರ್ಜುನ ಹಟ ಹಿಡಿದು ಕೊಟ್ಟ ರಕ್ಷಣೆಯ ಕನ್ನಡಕ ಹಾಕಿಕೊಂಡು, ಕಿಟಕಿಯ ಮುಂದೆ ಮೆಲ್ಲಗೆ ಎಳೆಯತೊಡಗಿದಳು. ಹರಿಯುವುದಿಲ್ಲ ಎಂದು ನಾನು ಮಾಡಿದ ಆಣೆಗಳಾವುವೂ ಅವಳನ್ನು ಅಲ್ಲಿಗೆ ತಂದಿರಲಿಲ್ಲ. ಹರಿಯುತ್ತದೆ, ಹರಿದರೆ ಹೀಗಾಗುತ್ತದೆ ಎಂದು ತೋರಿಸಿದವರನ್ನು ಅವಳು ನಂಬಿದಳು.

ಕೈ ನಿಧಾನವಾಗಿ ಮೇಲೇರತೊಡಗಿತು.

ಮೊನ್ನೆ ನಾನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದಾಗ ನಡುಮನೆಯಿಂದ ಆ ಸದ್ದು ಬಂತು. 'ಫಟ್.' ಈ ಸಲ ಬ್ಲೇಡಿನ ಗಾಯವಿಲ್ಲದೆ, ನಿಜವಾಗಿ. ಹಾಲನ್ನು ಒಲೆಯ ಮೇಲೇ ಬಿಟ್ಟು ಓಡಿದೆ. ಬಾಗಿಲಿಗೆ ಬಂದು ಗೋಡೆ ಹಿಡಿದೆ.

ಶಾರದೆ ನಿಂತೇ ಇದ್ದಳು. ಮುಖದ ಮೇಲೆ ಒಂದು ಗೀರೂ ಇರಲಿಲ್ಲ.

"ಹರೀತು," ಎಂದಳು, ಬಲ್ಬು ಹೋಯಿತು ಎನ್ನುವ ಧಾಟಿಯಲ್ಲಿ. ಕಪಾಟಿನ ಮೇಲಿನ ಅರೆಗೆ ಬಲಗೈ ಚಾಚಿ ಹೊಸ ಪಟ್ಟಿ ತೆಗೆದಳು. ತಿರುಗಿ ನೋಡಿದರೆ ನಾನಿನ್ನೂ ಗೋಡೆ ಹಿಡಿದು ನಿಂತಿದ್ದೆ.

"ಉಸಿರು ತಗೊಳ್ರೀ," ಎಂದಳು.

ತೆಗೆದುಕೊಂಡೆ.